ಗೇಟ್ ತೆರದೇ ಐತಿ

ಮಣಿಕೊಂಡ
ಸೋಮವಾರ

ಅಪ್ಪಾ,

ಮದುವಿಗೆ ಹೋಗಿ ಬರ್ತೀನಿ ಅಂತ ನೀ ತಗೊಂಡ ಮುಂಗಡಕ್ಕ ನನ್ನ, ಅವ್ವನ್ನ ಮೇಸ್ತ್ರಿಗೆ ಜಾಮೀನು ಕೊಟ್ಟು ಹೋದಿ. ರಾಯಚೂರಾಗ ಬ್ಯಾರೆ ಕೆಲಸ ಹಿಡದೀಯಂತ, ಗೊತ್ತಾತು.

ಅವ್ವ ಕಂಪ್ಯೂಟರ್ ಕಂಪನಿ ಬಿಲ್ಡಿಂಗಿನ ಸಾರವಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡಾಳ. ನೀರು ಕುಡಿಸಾಕೂ ನಾನೇ ಬೇಕು.

ಊರಿಗೆ ಹೋಗ್ತೀವಿ ಅಂದ್ರ ಮೇಸ್ತ್ರಿ ನಕ್ಕ. "ಜಬರ್‌ದಸ್ತಿ ಯಾರ್ ಮಾಡ್ಯಾರಲೇ? ಗೇಟ್ ತೆರದೇ ಐತಿ, ಹೋಗು. ನಿಮ್ಮ ಮನಿಯವರು ಒಬ್ಬರು ಇಲ್ಲಿದ್ರ ಸಾಕು."

ಶುಕ್ರವಾರ ಮುಂಜಾನೆ ನಾ ಹೋಗ್ತೀನಿ. ಅವ್ವನ್ನ ಇಲ್ಲೇ ಬಿಡ್ತೀನಿ. ನೀ ಬಂದ್ರ ಆಕಿಗೆ ನೀರು ಸಿಗತಾವ, ಇಲ್ಲಾಂದ್ರ ಇಲ್ಲ. ನಿನಗೂ ಜಬರ್‌ದಸ್ತಿ ಏನಿಲ್ಲ.

ಆಕಿಗೆ ಇನ್ನೂ ಹೇಳಿಲ್ಲ. ಬರೂದಾದ್ರ ಒಂದು ಸೀರಿ ತಗೊಂಡು ಬಾ. ಇದ್ದದ್ದನ್ನ ಹರದು ಕಾಲಿಗೆ ಕಟ್ಟೀನಿ.

ನೀ ಬಿಟ್ಟು ಹೋದ ಮಗ,
ಹುಲಗೇಶ