ನೀರಿಲ್ಲದ ಮ್ಯಾಪು

ಡಿಸೆಂಬರ್ 4, 2006. ಸೋಮವಾರ

ಬರೆಯಬೇಕಂತೆ. ನಾಲ್ಕನೇ ಇಯತ್ತೆಗೇ ಶಾಲೆಗೆ ಕೈಮುಗಿದು ಬಂದವನು ನಾನು. ಈ ಅರವತ್ತೆಂಟರಲ್ಲಿ ಮತ್ತೆ ಪೆನ್ನು ಹಿಡಿಸಿದ್ದಾನೆ ಭುಜಂಗ. ಸ್ವಾರಗೇಟಿನ ಹತ್ತಿರ ಕಂಪ್ಯೂಟರ್ ಜೋಡಿಸುವ ಅಂಗಡಿ ಅವನದು. ನಿಪ್ಪಾಣಿಯ ಕನ್ನಡ ಶಾಲೆಯಲ್ಲಿ ಕಲಿತವನು. ಓದುವುದಕ್ಕಿಂತ ಮಾತು ಜಾಸ್ತಿ ಕಲಿತಿದ್ದಾನೆ.

"ಕಾಕಾ, ಒಮ್ಮಿಗೆ ಒಂದ ಸೆಟಿಂಗ್ ಮುಟ್ಟರಿ. ಮುಟ್ಟಿದ್ದು ಬರದಿಡ್ರಿ. ಇಲ್ಲಂದ್ರ ನಾ ಬರಾಂಗಿಲ್ಲ. ವಹಿ ಓದೇ ಮಷೀನಿಗೆ ಕೈ ಹಚ್ಚಾಂವ."

ಆಯಿತು. ವಹಿಯ ಮುಂಭಾಗದ ಪುಟಗಳಲ್ಲಿ ಅವನ ಸೆಟಿಂಗು. ಹಿಂಭಾಗದಿಂದ ನನ್ನ ಮಾತು. ಇದನ್ನು ಯಾರೂ ಓದುವುದು ಬೇಡ.

ಟೆಂಪೋ ಮಾರಿ ತಂದ ಮಷೀನು. ಉಳ್ಳಾಗಡ್ಡಿ ಅಂಗಡಿ ಈಗ ಮಗ ಮಾಂತು ನೋಡುತ್ತಾನೆ, ನನಗೆ ಟೆಂಪೋ ಯಾಕೆ? ಎರಡು ಜಿಬಿ ರ್‍ಯಾಮ್, ಇಟ್ಟಿಗೆಯಷ್ಟು ದಪ್ಪ ಗ್ರಾಫಿಕ್ಸ್ ಕಾರ್ಡು. ಹುಡುಗರು ಗುಂಡು ಹಾರಿಸುವ ಗೇಮಿಗೆ ಕೊಳ್ಳುತ್ತಾರೆ. ನನಗೆ ಬೇಕಾದದ್ದು ವಿಮಾನ ಹಾರಿಸುವ ಗೇಮು.

ಶಿವಬಸವ್ವ ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ — "ಟೆಂಪೋ ಮಾರಿ ಇಮಾನ ತಂದಾರ ನಮ್ಮವರು. ನಾಳೆ ಇಮಾನ ಮಾರಿ ಏನ್ ತರತಾರೋ." ನಲವತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿ. ಬೈದರೂ ನಿಲ್ಲುವುದಿಲ್ಲ.

ಡಿಸೆಂಬರ್ 6

ಹಾರುತ್ತದೆ. ಆದರೆ ಜರ್ಕ್ ಹೊಡೆಯುತ್ತದೆ. ಕಲ್ಲಿನ ಮೇಲೆ ಚಕ್ಕಡಿ ಹೋದ ಹಾಗೆ. ಮೂಲೆಯಲ್ಲಿ ಕೆಂಪು ಅಂಕಿ — ಒಂಬತ್ತು. ಸೆಕೆಂಡಿಗೆ ಒಂಬತ್ತೇ ಚಿತ್ರ. ಇಪ್ಪತ್ತರ ಮೇಲೆ ಹೋದರೆ ನುಣ್ಣಗೆ ಕಾಣುತ್ತದಂತೆ. ಇವಳು ಹಿಂದೆ ನಿಂತು ನೋಡಿ ತಲೆ ತಿರುಗಿ ಕೂತಳು.

"ಫ್ರೇಮ್ ಕಡಿಮಿ ಬೀಳಾಕತ್ತಾವ" ಅಂದೆ.

"ಫ್ರೇಮ್ ಅಂದ್ರ?"

"ಚೌಕಟ್ಟ."

"ಬಾಗಲದ್ದ?"

ನಕ್ಕೆ. ಅವಳು ನಗಲಿಲ್ಲ. ಅವಳ ಅಣ್ಣ ಧರ್ಮಣ್ಣ ನೆನಪಾಗಿರಬೇಕು. ಹಿಡಕಲ್ ಡ್ಯಾಮಿನ ನೀರು ಊರಿಗೆ ಬರುವ ಮೊದಲು ಎಲ್ಲರೂ ಕಾಳು, ಹಂಚು, ತೊಲೆ ಹೇರಿಕೊಂಡರೆ ಧರ್ಮಣ್ಣ ಬಾಗಿಲ ಚೌಕಟ್ಟು ಕಿತ್ತು ಚಕ್ಕಡಿಗೆ ಹಾಕಿದ. ಹೊಸ ಊರಿನ ಮನೆಗೆ ಅದು ಹೊಂದಲೇ ಇಲ್ಲ. ದನದ ಕೊಟ್ಟಿಗೆಗೆ ಹಚ್ಚಿದ. ಈಗಲೂ ಎಮ್ಮೆಗಳು ನಮ್ಮ ಮಾವನ ಬಾಗಿಲಿನಿಂದ ಒಳಗೆ ಹೋಗುತ್ತವೆ.

ಡಿಸೆಂಬರ್ 9

ಮಷೀನಿನ ಡಬ್ಬಿ ಬಿಚ್ಚಿದೆ. ಫ್ಯಾನಿನ ತುಂಬ ಉಳ್ಳಾಗಡ್ಡಿ ಸಿಪ್ಪೆ! ಮಾರ್ಕೆಟ್ ಯಾರ್ಡಿನ ಬಗಲಿಗೆ ಮನೆ ಇದ್ದರೆ ಮತ್ತೇನು. ಸೈಕಲ್ ಪಂಪಿನಿಂದ ಊದಿದೆ. ಕಾವು ಇಳಿಯಿತು. ಹನ್ನೆರಡು ಫ್ರೇಮು.

ಲೋಹಗಾಂವದ ವಿಮಾನ ನೆಲೆ ನೆನಪಾಯಿತು. ತೊಂಬತ್ತೆರಡು-ಮೂರರ ಮಾತು. ಅಲ್ಲಿನ ಮೆಸ್ಸಿಗೆ ಉಳ್ಳಾಗಡ್ಡಿ ಹಾಕಿ ಬರುವಾಗ ತಂತಿ ಬೇಲಿಯ ಹತ್ತಿರ ಟೆಂಪೋ ನಿಲ್ಲಿಸುತ್ತಿದ್ದೆ. ವಿಮಾನ ಏಳುವಾಗ ಸ್ಟೇರಿಂಗು ಕೈಯೊಳಗೆ ನಡುಗುತ್ತಿತ್ತು. ಅದರೊಳಗೆ ಕೂತವನಿಗೆ ಹೊಳೆ ಹೇಗೆ ಕಾಣುತ್ತದೆ ಅಂತ ಆಗ ಅನಿಸುತ್ತಿತ್ತು... ಯಾವ ಹೊಳೆ ಅಂತ ಯಾರಿಗೂ ಹೇಳಿದವನಲ್ಲ.

ಡಿಸೆಂಬರ್ 17, ರವಿವಾರ

ಇವತ್ತು ಗೇಮಿನೊಳಗೆ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ ಎತ್ತಿದೆ. ಉತ್ತರಕ್ಕೆ. ಘಟಪ್ರಭೆ ಸಿಕ್ಕಿತು. ಹೊಳೆ ಹಿಡಿದು ಮೇಲಕ್ಕೆ ಹೋದೆ. ಈಗ ಡ್ಯಾಮು, ಇನ್ನೇನು ಡ್ಯಾಮು... ಬರಲೇ ಇಲ್ಲ. ಗೋಡೆ ಇಲ್ಲ, ಹಿನ್ನೀರಿಲ್ಲ. ಗೇಮ್ ಮಾಡಿದವರಿಗೆ ಡ್ಯಾಮಿನ ಸುದ್ದಿಯೇ ಮುಟ್ಟಿಲ್ಲ. ಇಷ್ಟು ದೊಡ್ಡದು ಕಾಣದ ಕುರುಡರು ಅಂತ ಬೈಯುತ್ತಿದ್ದೆ. ಅಷ್ಟರಲ್ಲಿ ಹೊಳೆ ಕುಡುಗೋಲಿನ ಹಾಗೆ ಬಾಗಿತು.

ಬಾಯಿ ಮುಚ್ಚಿದೆ. ಆ ಬಾಗಿನ ಹೊಟ್ಟೆಯೊಳಗೇ ನಮ್ಮೂರು.

ಪಾಜ್ ಒತ್ತಿ ವಿಮಾನ ಅಲ್ಲೇ ನಿಲ್ಲಿಸಿ ಶಿವಬಸವ್ವನನ್ನು ಕೂಗಿದೆ. ಜೋಳದ ಹಿಟ್ಟಿನ ಕೈಯಲ್ಲೇ ಬಂದಳು. ನೋಡಿದಳು.  ಗಾಜಿನ ಮೇಲೆ ಬೆರಳಿಟ್ಟಳು.

"ತುಸು ಎಡಕ್ಕ ತಗೋರಿ. ಅಯ್ಯ, ಅಷ್ಟಲ್ಲ... ಹಾಂ. ಇದ ನಮ್ಮ ತವರಮನಿ."

"ನಮ್ಮದು?"

"ನಿಮ್ಮನಿ ಇದ್ದಲ್ಲೆ ಗಿಡಾ ಬೆಳದದ. ಚಲೋ ಆತ ಬಿಡ್ರಿ, ಸೋರತಿತ್ತು."

ಮನೆ-ಗಿಡ ಎಲ್ಲ ಗೇಮು ತನ್ನ ಮನಸ್ಸಿಗೆ ಬಂದಲ್ಲಿ ಚೆಲ್ಲುತ್ತದೆ ಅಂತ ಭುಜಂಗ ಹೇಳಿದ್ದ. ಅವಳಿಗೆ ಹೇಳಲಿಲ್ಲ. ಗಾಜಿನ ಮೇಲಿನ ಹಿಟ್ಟು ಒರೆಸಲಿಲ್ಲ.

ಜನವರಿ 3, 2007

ಭುಜಂಗ ಬಂದ. ಮನೆ, ಗಿಡ ಎಲ್ಲ ಸೊನ್ನೆಗೆ ಇಳಿಸಿದ. ಮೂವತ್ತು ಫ್ರೇಮು! ಬೆಣ್ಣೆ. ಆದರೆ ಬರೀ ಬೋಳು ನೆಲ.

"ಊರ ಎಲ್ಲಿ ಹೋತು?" ಹಿಂದಿನಿಂದ ಶಿವಬಸವ್ವ.

ಅವನ ಕೈಯಿಂದ ಮೌಸ್ ಕಸಿದೆ. ಮನೆ, ಗಿಡ ವಾಪಸ್ ತಂದೆ. ಮೋಡ ತೆಗೆದೆ. ನೆರಳು ತೆಗೆದೆ. ರೆಕ್ಕೆಯ ಹೊಳಪು ತೆಗೆದೆ. ಇಪ್ಪತ್ತೆರಡು. ನುಣ್ಣಗಾಯಿತು.

"ಕಾಕಾ, ಮೋಡ ಇಲ್ದ ಇಮಾನ ಯಾರ್ ಹಾರಸ್ತಾರ್ರಿ?"

"ನಾ."

ಒಂದೇ ಸಲಕ್ಕೆ ಮೂರು ಮುಟ್ಟಿದಿರಿ ಅಂತ ಗೊಣಗಿದ. ಯಾಕೆ ಅಂತ ಕೇಳಿದ. ಅವನಿಗೇನು ಹೇಳುವುದು.

ಜನವರಿ 15, ಸಂಕ್ರಾಂತಿ

ಎಳ್ಳು ಬೆಲ್ಲ. ಇವಳು ಅಣ್ಣನಿಗೆ ಫೋನ್ ಮಾಡಿದಳು. ಎಂಬತ್ತರ ಮುದುಕ. ನೀರು ಬಂದ ಮೇಲೆ ಡ್ಯಾಮಿನ ಕಡೆ ಒಂದು ದಿನವೂ ಹೋದವನಲ್ಲ.

"ಬಾ ಅಣ್ಣಾ. ಊರ ತೋರಸ್ತೇವಿ. ಒಣಾ ಅದ, ನೀರಿಲ್ಲ."

ಅವನೇನು ತಿಳಿದನೋ. ನನ್ನ ಕೈಗೆ ಫೋನು ಕೊಟ್ಟಳು. "ಶಿವಪುತ್ರಪ್ಪಾ, ಇಕೀ ತಲಿ ನೆಟ್ಟಗದ ಇಲ್ಲೋ?" ಅಂದ.

"ನೆಟ್ಟಗ ಅದ. ಬಾ."

 ಆಮೇಲೆ — "ಬರತೇನಿ. ಕಣ್ಣ ಇನ್ನೂ ಕಾಣತಾವ."

ಫೆಬ್ರವರಿ 11, ರವಿವಾರ ಬೆಳಗಿನ ಬಸ್ಸಿಗೆ ಸ್ವಾರಗೇಟಿಗೆ ಇಳಿಯುತ್ತಾನೆ.

ಫೆಬ್ರವರಿ 4, ರವಿವಾರ

ಬಹಳ ದಿನ ಬರೆಯಲಿಲ್ಲ. ಸೆಟಿಂಗ್ ಬರೆಯಲು ಮಷೀನೇ ಇರಲಿಲ್ಲ. ಹಾರುತ್ತಿದ್ದಾಗ ಕರೆಂಟು ಹೋಯಿತು. ಬಂದ ಮೇಲೆ ಡಿಸ್ಕು ಏಳಲಿಲ್ಲ. ಭುಜಂಗ ಹೊತ್ತುಕೊಂಡು ಹೋಗಿದ್ದ. ಇವತ್ತು ತಂದು ಹಚ್ಚಿ, ಹಲ್ಲು ಕಿಸಿದು ಹೋದ — "ಎಲ್ಲಾ ಹೊಸಾದು ಹಾಕೇನಿ ಕಾಕಾ. ಮೋಡ ಇಟ್ಕೊಂಡ ಹಾರಸ್ರಿ."

ನಿಜ. ಮೋಡ ಇದೆ, ನೆರಳು ಇದೆ, ಇಪ್ಪತ್ತೆಂಟು ಫ್ರೇಮು. ಒಂದೂ ಜರ್ಕಿಲ್ಲ. ಸಾಂಬ್ರಾದಿಂದ ಎತ್ತಿದೆ. ಇವಳು ಕುರ್ಚಿ ಎಳೆದುಕೊಂಡು ಕೂತಳು. ಹೊಳೆ ಹಿಡಿದೆ.

ಡ್ಯಾಮು ಬಂತು. ಹಿಂದೆ ಕಣ್ಣು ಹಾಯುವಷ್ಟು ನೀಲಿ. ಸೂರ್ಯನ ಬೆಳಕಿಗೆ ಹೊಳೆಯುತ್ತಿತ್ತು ಬೇರೆ.

"ಇಲ್ಲೂ ಬಂತೇನ್ರಿ?"

ಅಷ್ಟೇ ಅಂದಳು. ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ — "ಅಣ್ಣಗ ಬರಬ್ಯಾಡ ಅಂತ ಫೋನ್ ಮಾಡ್ರಿ."

ಮಾಡಲಿಲ್ಲ.

ಫೆಬ್ರವರಿ 5

ಭುಜಂಗನ ಅಂಗಡಿಗೆ ಹೋದೆ. ಗಿರಾಕಿಗಳು ನಿಂತಿದ್ದರು. ನಿಂತರೆ ನಿಲ್ಲಲಿ.

"ನೀರ್ ಯಾಕ್ ಹಾಕಿದಿ?"

"ಯಾವ್ ನೀರ್ರಿ? ಹೊಸಾ ಮ್ಯಾಪ್ ಕಾಕಾ! ಹಳೇದ್ರಾಗ ಡ್ಯಾಮ್ ಇರಲಿಲ್ಲ, ತಪ್ಪಿತ್ತು. ಕರೆಕ್ಟ್ ಮಾಡೇನಿ."

"ಮಾಡಂತ ನಿನಗ ಯಾರ್ ಹೇಳಿದ್ರು?"

"ಜನಾ ಇದಕ್ಕ ಕಾದ ಕುಂತಾರ, ನಿಮಗ ಪುಕ್ಕಟ ಹಾಕಿದೆ. ಹಳೇ ಮ್ಯಾಪಿನ ಸೀಡಿ ಕಾತ್ರಜದ ಗಿರಾಕಿಗೆ ಕೊಟ್ಟೆ. ಅದ್ಯಾಕ್ ಬೇಕ್ರಿ ನಿಮಗ?"

ಅಷ್ಟು ಜನರ ಮುಂದೆ ಏನು ಹೇಳಲಿ? ಕತ್ತೆ ಅಂದೆ. ಬಂದೆ.

ಫೆಬ್ರವರಿ 7, ಬುಧವಾರ

ಇವಳು ಎರಡು ದಿನದಿಂದ ಮಷೀನಿನ ಮೇಲೆ ಹಳೇ ಸೀರೆ ಹೊದಿಸಿಟ್ಟಿದ್ದಾಳೆ. ತಾನೇ ಫೋನ್ ಮಾಡುತ್ತೇನೆ ಅಂದಳು. ಡೈರಿ ಹರಿದು ಅಣ್ಣನ ನಂಬರು ಹೋಯಿತು ಅಂತ ಸುಳ್ಳು ಹೇಳಿದ್ದೇನೆ.

ಇದನ್ನು ವಹಿಯ ಮುಂಭಾಗದಲ್ಲಿ, ನಿನ್ನ ಸೆಟಿಂಗಿನ ಪುಟದಲ್ಲೇ ಬರೆಯುತ್ತಿದ್ದೇನೆ. ಮಾಂತು ನಿನ್ನ ಅಂಗಡಿಗೆ ತಂದು ಕೊಡುತ್ತಾನೆ. ಓದು ಭುಜಂಗ.

ಆ ನೀರಿನ ಕೆಳಗೆ ನನ್ನೂರಿದೆ. ನಿನ್ನ ಕಾಕಿಯ ತವರು ಅದು. ಅಲ್ಲೇ ಹುಟ್ಟಿದ್ದು, ಅಲ್ಲೇ ಮದುವೆ. ಜಗತ್ತಿನಲ್ಲಿ ಒಂದೇ ಕಡೆ ಅದು ಒಣಗಿ ಉಳಿದಿತ್ತು — ನಿನ್ನ ಆ ತಪ್ಪು ಸೀಡಿಯೊಳಗೆ. ರವಿವಾರ ನನ್ನ ಭಾವ ಅದನ್ನು ನೋಡಲು ಬರುತ್ತಿದ್ದಾನೆ. ಎಂಬತ್ತು ಅವನಿಗೆ.

ಮೋಡ ಬೇಡ. ಜರ್ಕ್ ಹೊಡೆದರೆ ಹೊಡೆಯಲಿ. ಕಾತ್ರಜಕ್ಕೆ ಹೋಗು, ಆ ಗಿರಾಕಿಯ ಕಾಲು ಹಿಡಿ, ಬೇಕಾದರೆ ನಾನೂ ಬಂದು ಹಿಡಿಯುತ್ತೇನೆ. ಹಳೆಯದನ್ನು ವಾಪಸ್ ಹಾಕು.

ಆಗುತ್ತದೋ ಇಲ್ಲವೋ? ಒಂದೇ ಮಾತು. ಶುಕ್ರವಾರ ಒಂಬತ್ತನೇ ತಾರೀಖಿನೊಳಗೆ ಹೇಳು.