ಮೆಹರೀನ ಇದ್ದಾಳೆಂದು ಆ ಅಜ್ಜಿಗೆ ತಿಳಿಸಿ

ಮಾನ್ಯ ಪ್ರಾದೇಶಿಕ ನಿರ್ದೇಶಕರೇ,

ಬದುಕಿರುವ ಹುಡುಗಿಯೊಬ್ಬಳನ್ನು ತಮ್ಮ ಕಚೇರಿ ಕಳೆದ ಆಗಸ್ಟಿನಲ್ಲಿ ಇಲ್ಲವಾಗಿಸಿತು. ಅವಳ ಹೆಸರು ಮೆಹರೀನ. ಸನವಳ್ಳಿಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮುಂಡಗೋಡಕ್ಕೆ ಪಿಯುಸಿ ಓದಲು ಹೋಗುತ್ತಾಳೆ, ಬಸ್ಸು ತಪ್ಪಿದರೆ ನಡೆದೇ ಹೋಗುತ್ತಾಳೆ. ಬಸ್ಸಿನವರಿಗೆ, ಕಾಲೇಜಿನವರಿಗೆ, ಊರಿನ ನಾಯಿಗಳಿಗೂ ಅವಳು ಕಾಣುತ್ತಾಳೆ. ತಮ್ಮ ಕಡತದಲ್ಲಿ ಮಾತ್ರ ಅವಳ ಹೆಸರಿನ ಮುಂದೆ ‘ಗುರುತು ದೃಢಪಟ್ಟಿಲ್ಲ’ ಎಂದು ಬರೆದಿದೆ. ಐದು ತಿಂಗಳಿಂದ ನಾನು ಪತ್ರ ಬರೆಯುತ್ತಿದ್ದೇನೆ, ಉತ್ತರ ಬರುತ್ತಿಲ್ಲ. ಆದ್ದರಿಂದ ಇದನ್ನು ನಾಲ್ಕು ಜನ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಪರದೇಶದ ಒಬ್ಬ ದಾನಿಗೆ ಇಲ್ಲಿಯ ಒಂದು ಬಡ ಮಗುವನ್ನು ಜೋಡಿಸಿ, ಅವರ ನೆರವಿನಿಂದ ಮಗುವಿನ ಓದು, ಔಷಧ ನೋಡಿಕೊಳ್ಳುವುದು ತಮ್ಮ ಸಂಸ್ಥೆಯ ಕೆಲಸ. ಒಳ್ಳೆಯ ಕೆಲಸ, ಅದರಲ್ಲಿ ನನ್ನ ತಕರಾರಿಲ್ಲ. ಮೆಹರೀನ ಮೂರನೇ ಇಯತ್ತೆ ಓದುತ್ತಿದ್ದಾಗ ಅವಳ ಪಾಲಿಗೆ ಬಂದವರು ಹಿಲ್ಡಾ ಎಂಬ ವೃದ್ಧೆ. ಹಿಮ ಬೀಳುವ ಊರು, ಒಂಟಿ ಜೀವ, ಮನೆಯಲ್ಲಿ ಒಂದು ಬೆಕ್ಕು. ಪತ್ರಗಳು ತಮ್ಮ ಕಚೇರಿಯ ಮೂಲಕವೇ ಹೋಗಬೇಕು, ಅಜ್ಜಿಯ ವಿಳಾಸ ಯಾರಿಗೂ ಕೊಡುವುದಿಲ್ಲ. ತಾವು ವರ್ಷಕ್ಕೆರಡು ಪತ್ರ ಸಾಕು ಎಂದಿದ್ದಿರಿ. ಇವರಿಬ್ಬರೂ ಆ ನಿಯಮವನ್ನು ಬೆಕ್ಕಿಗೆ ಹಾಕಿದರು. ಭತ್ತ ಎಂದರೆ ಹೇಗಿರುತ್ತದೆ ಎಂದು ಅಜ್ಜಿ ಕೇಳಿದರೆ ಹುಡುಗಿ ಲಕೋಟೆಯಲ್ಲಿ ಒಂದು ತೆನೆ ಇಟ್ಟು ಕಳಿಸಿದಳು. ಅಜ್ಜಿ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿ, ಫೋಟೋ ಕಳಿಸಿದರು. ಇಲ್ಲಿ ಕೋಳಿಗೆ ಹಾಕುವ ವಸ್ತುವಿಗೆ ಅಲ್ಲಿ ಚೌಕಟ್ಟು ಬಂದದ್ದು ನೋಡಿ ಊರೆಲ್ಲ ನಕ್ಕಿತು.

ಪ್ರತಿ ವರ್ಷ ಜೂನ್ ಒಂದಕ್ಕೆ ಆ ಅಜ್ಜಿ ತಮ್ಮ ಮನೆಯಲ್ಲಿ ಮೆಹರೀನಳ ಹೆಸರಿನಲ್ಲಿ ಕೇಕ್ ಮಾಡುತ್ತಿದ್ದರು. ಮೇಣದಬತ್ತಿ ಹಚ್ಚಿ, ನೆರೆಯ ಗೆಳತಿಯರನ್ನು ಕರೆದು ತಿನ್ನಿಸುತ್ತಿದ್ದರು. ತಮ್ಮ ಕಡತದ ಪ್ರಕಾರ ಅದು ಹುಡುಗಿ ಹುಟ್ಟಿದ ದಿನ.

ಈಗ ಆ ದಿನದ ಕಥೆ ಕೇಳಿ. ಈ ಭಾಗದ ಒಂದು ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಹನ್ನೊಂದು ವರ್ಷದ ಹಿಂದೆ ಸಿರಾಜುನ್ನಿಸಾ ಎಂಬ ತಾಯಿ ಮಗಳ ಕೈ ಹಿಡಿದು ಶಾಲೆಗೆ ಸೇರಿಸಲು ಬಂದಳು. ಹುಟ್ಟಿದ್ದು ಯಾವಾಗ ಎಂದು ಕೇಳಿದೆ.

“ಬಕ್ರೀದ್ ಆದ ಮರುದಿನ ರೀ ಸರ್. ಭತ್ತದ ಕೊಯ್ಲು ನಡೆದಿತ್ತು, ಹೊಲದಾಗಿನ ಗುಡಿಸಲದಾಗನ ಹುಟ್ಟಿದ್ಲು.”

ಲೆಕ್ಕ ಹಾಕಿದೆ. ನವೆಂಬರಿನ ಕೊನೆ. ಐದು ವರ್ಷ ಹತ್ತು ತಿಂಗಳು ತುಂಬಿರಬೇಕೆಂಬುದು ನಿಯಮ, ಈ ಹುಡುಗಿಗೆ ನಾಲ್ಕು ತಿಂಗಳು ಕಡಿಮೆ.

“ತಾಯಿ, ಈ ವರ್ಷ ಬರಂಗಿಲ್ಲ. ಮುಂದಿನ ವರ್ಷ ಕರ್ಕೊಂಡ ಬಾ.”

“ಹಂಗಂದ್ರ ಹೆಂಗರೀ ಸರ್? ಇವರ ಅಪ್ಪ ಗ್ಯಾರೇಜಿಗೆ ಹೋಗ್ತಾರ, ನಾ ಕೂಲಿಗೆ ಹೋಗ್ತೇನಿ. ಇನ್ನೊಂದ ವರ್ಷ ಇಕಿ ಬದುವಿನ ಮ್ಯಾಲ ಕುಂತ್ರ ಶಾಲಿನ ಮರೀತಾಳ. ನಿಮಗ ಹೆಂಗ ಅನಕೂಲ ಆಗತೈತಿ ಹಂಗ ಬರ್ಕೋರಿ.”

ಬರೆದುಕೊಂಡೆ. ಜೂನ್ ಒಂದು. ಅವಳೊಬ್ಬಳಿಗೇ ಅಲ್ಲ, ಆ ವರ್ಷ ಹದಿನೇಳು ಮಕ್ಕಳಿಗೆ ಬರೆದೆ. ನನ್ನ ಹಿಂದಿನವರೂ ಬರೆದಿದ್ದರು, ನನ್ನ ಜನ್ಮದಿನವನ್ನೂ ಯಾರೋ ಗುರುಗಳು ಹಾಗೆಯೇ ಬರೆದಿದ್ದಾರೆ. ಈ ನಾಡಿನಲ್ಲಿ ಒಂದು ಪೀಳಿಗೆಯ ಅರ್ಧ ಜನ ಮಳೆಗಾಲದ ಮೊದಲ ದಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದವರು. ತಮ್ಮ ತಂದೆಯವರ ಜನ್ಮದಿನ ಯಾವುದೆಂದು ಕೇಳಿದರೆ ತಾವು ಸಿಟ್ಟಾಗಬಾರದು.

ಮೆಹರೀನಳಿಗೆ ತಾಯಿಯಿಂದ ನಿಜ ಗೊತ್ತಿತ್ತು. ಚಿಕ್ಕವಳಿದ್ದಾಗ ಕೇಕಿನ ಫೋಟೋ ನೋಡಿ ಸುಮ್ಮನೆ ಖುಷಿಪಟ್ಟಳು. ದೊಡ್ಡವಳಾದ ಹಾಗೆ ಅದು ಚುಚ್ಚತೊಡಗಿತು. ಹೋದ ಜುಲೈನಲ್ಲಿ ಬಂದ ಪತ್ರದಲ್ಲಿ ಅಜ್ಜಿ ಬರೆದಿದ್ದರು: ಗೆಳತಿಯರೆಲ್ಲ ತೀರಿಕೊಂಡರು, ಈ ಸಲ ನಿನ್ನ ಕೇಕಿಗೆ ನಾನೊಬ್ಬಳೇ, ಹದಿನಾರು ಬತ್ತಿ ಹಚ್ಚುವಷ್ಟರಲ್ಲಿ ಕೈ ನಡುಗಿ ಎರಡು ಬಿದ್ದವು. ಹುಡುಗಿ ಆ ಪತ್ರ ಹಿಡಿದು ನೇರ ನಮ್ಮ ಮನೆಗೆ ಬಂದಳು.

“ಸರ್, ಎಂಬತ್ತು ದಾಟಿದ ಮುದುಕಿ ನನ್ನ ಸಂಬಂಧ ಕೈ ನಡುಗಿಸ್ಕೋತ ಬತ್ತಿ ಹಚ್ಚತಾಳ. ಅದು ನನ್ನ ದಿನಾನ ಅಲ್ಲ. ಹೇಳಿಬಿಡ್ಲೇನ್ರಿ?”

ಏನು ಹೇಳಲಿ ನಾನು? ಮೂವತ್ತು ವರ್ಷ ‘ಸತ್ಯವನ್ನೇ ನುಡಿಯಬೇಕು’ ಎಂದು ಕರಿಹಲಗೆಯ ಮೇಲೆ ಬರೆಸಿದವನು. ಹೇಳವ್ವಾ ಎಂದೆ. ಅದೇ ವಾರ ತಮ್ಮ ವಾರ್ಷಿಕ ನಮೂನೆ ಬಂತು. ‘ಮಾಹಿತಿಯಲ್ಲಿ ತಪ್ಪಿದ್ದರೆ ತಿಳಿಸಿ’ ಎಂಬ ಸಾಲು ಅದರಲ್ಲಿತ್ತು. ಆ ಸಾಲನ್ನು ನಂಬಿದ ಮೊದಲ ಮಗು ಇವಳೇ ಇರಬೇಕು. ನಿಜವಾದ ದಿನವನ್ನು ಬರೆದು, ಅಜ್ಜಿಗೂ ತಿಳಿಸಬೇಕೆಂದು ಕೆಳಗೆ ವಿನಂತಿ ಮಾಡಿಕೊಂಡಳು.

ತಮ್ಮ ಗಣಕಯಂತ್ರ ಎರಡು ತಾರೀಖು ಕಂಡು ಗಾಬರಿಯಾಯಿತು. ಎರಡು ತಾರೀಖಿದ್ದರೆ ಎರಡು ಮಕ್ಕಳಿರಬೇಕು, ಇಲ್ಲವೇ ಒಂದೂ ಇರಬಾರದು. ಜನನ ಪ್ರಮಾಣಪತ್ರ ತನ್ನಿ ಎಂದಿರಿ. ಹೊಲದ ಗುಡಿಸಲಿನಲ್ಲಿ ಯಾವ ನೋಂದಣಾಧಿಕಾರಿ ಕೂತಿದ್ದ? ನಾನು ಪ್ರಮಾಣ ಮಾಡಿ ಹೇಳಿಕೆ ಬರೆದುಕೊಟ್ಟೆ, ಅದು ನಡೆಯುವುದಿಲ್ಲವೆಂದಿರಿ. ಸುಳ್ಳನ್ನು ಎಂಟು ವರ್ಷ ಪೋಷಿಸಿದವರು ನಿಜ ಹೇಳಿದ ತಿಂಗಳೊಳಗೇ ಬಾಗಿಲು ಹಾಕಿಕೊಂಡಿರಿ. ಉಳಿದ ಹದಿನಾರು ಮಕ್ಕಳ ಪೈಕಿ ತಮ್ಮ ಪಟ್ಟಿಯಲ್ಲಿರುವವರ ಗುರುತು ಚೆನ್ನಾಗಿಯೇ ದೃಢಪಟ್ಟಿದೆ, ಅವರು ಬಾಯಿ ಬಿಟ್ಟಿಲ್ಲವಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದು ಇದಕ್ಕೇ.

ತಮ್ಮ ಕಚೇರಿಗೆ ಫೋನೂ ಮಾಡಿದೆ. ತೆಗೆದುಕೊಂಡವರು ಸಭ್ಯರು, ನಮ್ಮ ಕಡೆಯವರೇ.

“ಸರ್, ಸಿಸ್ಟಮ್‌ನಾಗ ಆ ಹೆಸರ ಬರಾಕತ್ತಿಲ್ರಿ.”

“ಅಕಿ ನನ್ನ ಮುಂದನ ಕುಂತಾಳ್ರೀ. ಬೇಕಾದ್ರ ಮಾತಾಡ್ರಿ.”

“ಅಲ್ರಿ ಸರ್, ಸಿಸ್ಟಮ್‌ನಾಗ ಇಲ್ಲಲ್ರಿ.”

ಮುಂದೆ ಕುಳಿತಿದ್ದ ಹುಡುಗಿ ನನ್ನ ಮುಖ ನೋಡುತ್ತಿದ್ದಳು. ಫೋನ್ ಇಟ್ಟೆ. ಆಮೇಲೆ ಎಷ್ಟೋ ಹೊತ್ತು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದೆ. ಇವತ್ತಿಗೂ ಕೂತಲ್ಲಿ ಕೂಡಲಾಗುತ್ತಿಲ್ಲ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಓದಿನ ಖರ್ಚನ್ನು ಹೇಗೋ ನೋಡಿಕೊಳ್ಳುತ್ತೇವೆ, ಅವಳ ತಂದೆ ಫಿರೋಜನ ಕೈಯಲ್ಲಿ ಕಸುಬಿದೆ. ಆದರೆ ತಾವು ಅಜ್ಜಿಗೆ ಏನು ಬರೆದಿರಿ? ‘ಈ ಮಗುವಿನ ಗುರುತು ದೃಢಪಟ್ಟಿಲ್ಲ. ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ತಮಗೆ ಬದಲಿ ಮಗುವೊಂದನ್ನು ಒದಗಿಸಲಾಗುವುದು.’ ಬದಲಿ ಮಗು! ಹರಿದ ನೋಟು ಬದಲಿಸುತ್ತಾರೆ, ಕೆಟ್ಟ ಬಲ್ಬು ಬದಲಿಸುತ್ತಾರೆ. ಎಂಟು ವರ್ಷ ಅಕ್ಷರದಲ್ಲಿ ಬೆಳೆದ ಮೊಮ್ಮಗಳನ್ನು ಬದಲಿಸುವ ವ್ಯವಸ್ಥೆ ತಮ್ಮಲ್ಲಿ ಮಾತ್ರ ಇರಬೇಕು. ಅಜ್ಜಿ ಅಕ್ಟೋಬರಿನಲ್ಲಿ ಉತ್ತರಿಸಿದ್ದಾರೆ: ‘ಬೇರೆ ಮಗು ಬೇಡ. ಮೆಹರೀನಳಿಗೆ ಏನಾಯಿತು?’ ಆ ಕಾಗದ ತಮ್ಮ ಕಡತದಲ್ಲಿ ಮಲಗಿದೆ. ನನಗೆ ಹೇಗೆ ಗೊತ್ತಾಯಿತೆಂದು ಕೇಳಬೇಡಿ. ಹೇಳಿದವರ ಹೆಸರು ಹೇಳಿದರೆ ನಾಳೆ ಅವರ ಗುರುತೂ ದೃಢಪಡಲಿಕ್ಕಿಲ್ಲ.

ಇದನ್ನು ಕೇಳಿದ ದಿನ ಮೆಹರೀನ ಊಟ ಮಾಡಲಿಲ್ಲವಂತೆ. ಮರುದಿನ ಬಂದು ಹೇಳಿದಳು, “ಸರ್, ದುಡ್ಡ ಬ್ಯಾಡ, ಏನೂ ಬ್ಯಾಡ. ನಾ ಮೋಸ ಮಾಡಿದೆ ಅಂತ ತಿಳ್ಕೊಂಡನ ಅಕಿ ಸತ್ತಹೋದ್ರ ಏನ್ ಮಾಡ್ಲಿ?” ಆ ಹುಡುಗಿಯ ಕಣ್ಣೀರಿಗೆ ಮೊದಲ ಕಾರಣ ನಾನು, ಎರಡನೆಯ ಕಾರಣ ತಾವು. ಎಂಬತ್ತೆರಡರ ಜೀವಕ್ಕೆ ತಮ್ಮ ಕಚೇರಿಯ ‘ಪರಿಶೀಲನೆಯಲ್ಲಿದೆ’ ಎಂಬ ಮಾತು ಮುಗಿಯುವವರೆಗೆ ಕಾಯುವ ಶಕ್ತಿ ಇದ್ದೀತೇ?

ಆದ್ದರಿಂದ ಕೇಳುವುದು ಇಷ್ಟು. ನೆರವು ಮತ್ತೆ ಶುರುಮಾಡುವುದು, ಬಿಡುವುದು ತಮ್ಮ ಚಿತ್ತ. ಸುಳ್ಳು ತಾರೀಖು ಬರೆದವನು ಮುಖ್ಯೋಪಾಧ್ಯಾಯ, ಹುಡುಗಿಯ ತಪ್ಪಿಲ್ಲ ಎಂದು ಅಜ್ಜಿಗೆ ತಿಳಿಸಿ. ಜೊತೆಗೆ, ತಮ್ಮ ಕಚೇರಿ ಎರಡು ಸಲ ಹಿಂದಿರುಗಿಸಿದ ಮೆಹರೀನಳ ಪತ್ರವನ್ನು ಈ ವಾರವೇ ತಲುಪಿಸಿ. ಲಕೋಟೆ ಕಳೆದುಹೋಯಿತೆಂದು ಹೇಳಲು ಬಾರದ ಹಾಗೆ, ಅವಳನ್ನು ಕೇಳಿಯೇ ಅದನ್ನು ಇಲ್ಲಿ ಪೂರ್ತಿ ಅಚ್ಚುಹಾಕಿಸುತ್ತಿದ್ದೇನೆ:

‘ಪ್ರೀತಿಯ ಅಜ್ಜಿ, ನಾನು ಇದ್ದೇನೆ. ನೀವು ಕೇಕ್ ಮಾಡುವ ದಿನ ನಾನು ಹುಟ್ಟಿದ ದಿನವಲ್ಲ. ಇದನ್ನು ಮೊದಲೇ ಹೇಳಬೇಕಾಗಿತ್ತು, ನೀವು ಬರೆಯುವುದನ್ನು ನಿಲ್ಲಿಸುತ್ತೀರೆಂದು ಹೆದರಿದೆ. ಆ ತಾರೀಖು ಒಂದನ್ನು ಬಿಟ್ಟು ನಾನು ನಿಮಗೆ ಬರೆದದ್ದೆಲ್ಲ ನಿಜ.’

ಇಂತಿ,
ತಾವು ಹುಡುಕಬೇಕಾಗಿದ್ದ ಆರೋಪಿ,
ಶಂಕ್ರಪ್ಪ
ನಿವೃತ್ತ ಮುಖ್ಯೋಪಾಧ್ಯಾಯ, ಸನವಳ್ಳಿ
(ಗುರುತು ದೃಢಪಡಿಸಿಕೊಳ್ಳಲು ಯಾವಾಗ ಬೇಕಾದರೂ ಬರಬಹುದು, ಮನೆಯಲ್ಲೇ ಇರುತ್ತೇನೆ.)