ಹೆಪ್ಪು ಕೇಳದ ನಾಯಕಿ

ಬೀದರ
೪ ಮೇ ೧೯೮೭

ಅವ್ವನಿಗೆ ನಮಸ್ಕಾರ.

ಬರಗಾಲಕ್ಕೆ ಸಾಯಗಾಂವ ಬಿಟ್ಟು ಕೆಲಸಕ್ಕೆಂದು ಇಲ್ಲಿಗೆ ಬಂದು ತಿಂಗಳಾದರೂ ಓಣಿಯಲ್ಲಿ ನನಗೆ ಯಾರ ಪರಿಚಯವೂ ಆಗಿರಲಿಲ್ಲ. ಹೋದ ವಾರ ಊರಿಗೆ ಬಂದಾಗ, ಅಮೆರಿಕಕ್ಕೆ ಹೋಗಿ ಒಂಟಿಯಾದ ನಮ್ಮ ದೇಶದ ಹೆಣ್ಣುಮಗಳ ಕಾದಂಬರಿಯನ್ನು ನಿನಗೆ ಓದಿ ಹೇಳಿದೆನಲ್ಲ. ನನಗೆ ಅಳು ಬಂತು. ನೀನು ಮಾತ್ರ ನಾಯಕಿಯನ್ನೇ ಬೈದೆ: "ಅಳ್ಕೋತ ಕುಂತ್ರ ಯಾರ ಮಾತಾಡಸ್ತಾರ? ಬಾಜು ಮನಿಗಿ ಹೋಗಿ ಹಾಲಿಗಿ ಹೆಪ್ಪ ಕೇಳ್ಲಾಕ ಅಕಿಗೇನ ಧಾಡಿ?"

ನಿನ್ನೆ ಲೋಟ ಹಿಡಿದು ಪಕ್ಕದ ಮನೆಯ ಕೌಸಲ್ಯಾಬಾಯಿಯವರ ಬಾಗಿಲಲ್ಲಿ ನಿಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಲೋಟ ನೋಡಿ, "ಹೆಪ್ಪ ಬೇಕೇನವ್ವಾ? ಇಷ್ಟ ದಿನ ಮೊಸರಿಲ್ದೇ ಹ್ಯಾಂಗ ಉಂಡಿ? ನಾನೂ ನಿನ್ನಂಗ ಊರ ಬಿಟ್ಟ ಔರಾದದಿಂದ ಬಂದಾಕಿನೇ, ಬಾ ಒಳಗ" ಎಂದರು.

ರೊಟ್ಟಿ-ಮೊಸರಿನ ಜೊತೆಗೆ ಅಗಸಿ ಹಿಂಡಿ ಕುಟ್ಟಿದರೆ ಎರಡು ಮನೆಗಾಗುವಷ್ಟು ಕಳಿಸು.

ನಿನ್ನ ಮಗಳು,
ಮಹಾನಂದಾ